ಮಾಗಡಿ ಕೆರೆಯ ನಸುಕು, ಧಾರವಾಡದ ಮಳೆ ಮತ್ತು ಒಂದು ದುರ್ಬೀನು

ಡಿಸೆಂಬರ್ ತಿಂಗಳ ಒಂದು ನಸುಕು. ಗಂಟೆ ಆರೂ ಇಪ್ಪತ್ತು. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಏರಿ ಮೇಲೆ ನಾನು, ನನ್ನ ಗೆಳೆಯ ನಿಂತಿದ್ದೆವು. ಸೂರ್ಯ ಹುಟ್ಟಲು ಇನ್ನೂ ಸುಮಾರು ಅರ್ಧ ಗಂಟೆ ಇತ್ತು. ನೀರಿನ ಮೇಲೆ ಪಟ್ಟೆತಲೆ ಹೆಬ್ಬಾತುಗಳು ಇವೆ ಅನ್ನೋದು ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳಿವು. ಇವುಗಳಿಂದಲೇ ಹೆಸರಾದ ಈ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ನನ್ನ ಕೈಯಲ್ಲಿ 10×25 ಅಂತ ಬರೆದಿದ್ದ ಪುಟ್ಟ ದುರ್ಬೀನು (ಹತ್ತು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜು 25 ಮಿ.ಮೀ. ಅಗಲ ಅಂತ ಅರ್ಥ). ಗೆಳೆಯನ ಕೈಯಲ್ಲಿ 8×42. ನನ್ನದರಲ್ಲಿ ನೀರಿನ ಮೇಲೆ ಬೂದಿ ಬಣ್ಣದ ಮುದ್ದೆಗಳು ಮಾತ್ರ ಕಾಣುತ್ತಿದ್ದವು. ಅವನದರಲ್ಲಿ ನೋಡಿದರೆ ಹತ್ತಿರದ ಹಕ್ಕಿಯ ಬಿಳಿ ತಲೆ ಮೇಲಿನ ಎರಡು ಕಪ್ಪು ಪಟ್ಟೆ ಎಣಿಸಬಹುದಿತ್ತು.

ಹೊಲಕ್ಕೆ ಹೊರಟಿದ್ದ ಹಿರಿಯರೊಬ್ಬರು ನಿಂತು ಕೇಳಿದರು. "ಎಷ್ಟ್ ದೂರ ಕಾಣ್ತೈತ್ರಿ ಇದರಾಗ?"

"ನೀವ ನೋಡ್ರಿ ಕಾಕಾ" ಅಂತ ಎರಡನ್ನೂ ಕೊಟ್ಟೆವು. ಮೊದಲು ಚಿಕ್ಕದರಲ್ಲಿ ನೋಡಿದರು. "ಇದರಾಗ ಇನ್ನೂ ಕತ್ತಲಿ ಐತಿ" ಅಂದರು. ಆಮೇಲೆ ದೊಡ್ಡದನ್ನು ಕಣ್ಣಿಗೆ ಹಿಡಿದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದರಾಗ ಬೆಳಕ ಹರದೈತಿ ನೋಡ್ರಿ" ಅಂದರು.

ಇದಕ್ಕಿಂತ ಚೆನ್ನಾಗಿ ಈ ವಿಷಯವನ್ನು ಹೇಳಿದವರನ್ನು ನಾನು ಕಂಡಿಲ್ಲ. ದುರ್ಬೀನು ಕೊಳ್ಳುವಾಗ ನಾವೆಲ್ಲ ಕೇಳೋದು "ಎಷ್ಟು ದೂರ?", "ಎಷ್ಟು ಎಕ್ಸ್?" ಅಂತ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ಮೋಡ ಕವಿದ ದಿನ ಆ ಪ್ರಶ್ನೆ ಕೆಲಸಕ್ಕೆ ಬರೋದಿಲ್ಲ. ಆಗ ಕೇಳಬೇಕಾದದ್ದು, ಇದು ನನ್ನ ಕಣ್ಣಿಗೆ ಎಷ್ಟು ಬೆಳಕು ತಲುಪಿಸುತ್ತದೆ ಅಂತ.

ಅದನ್ನು ನೋಡುವುದು ಸುಲಭ. ದುರ್ಬೀನನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿಯಿರಿ. ಬೆಳಕಿರುವ ಆಕಾಶದ ಕಡೆ ತಿರುಗಿಸಿ (ಸೂರ್ಯನ ಕಡೆ ಮಾತ್ರ ಬೇಡವೇ ಬೇಡ, ಕಣ್ಣು ಹೋಗುತ್ತದೆ). ಕಣ್ಣಿಡುವ ಗಾಜಿನ ನಡುವೆ ಒಂದು ಪುಟ್ಟ ಬೆಳಕಿನ ಬಿಲ್ಲೆ ಕಾಣುತ್ತದೆ. ಮುಂದಿನ ಗಾಜಿನಿಂದ ಒಳಗೆ ಹೋದ ಬೆಳಕು ಈ ಬಿಲ್ಲೆಯಾಗಿ ಹೊರಬರುತ್ತದೆ. ಇದರ ಅಗಲ ಎಷ್ಟು ಅಂತ ತಿಳಿಯಲು ಮುಂದಿನ ಗಾಜಿನ ಅಗಲವನ್ನು ಹಿಗ್ಗುವಿಕೆಯಿಂದ ಭಾಗಿಸಿದರೆ ಸಾಕು. 10×25 ಅಂದರೆ 25ನ್ನು 10ರಿಂದ ಭಾಗಿಸಿ, 2.5 ಮಿ.ಮೀ. ಸಾಸಿವೆ ಕಾಳಿಗಿಂತ ತುಸು ದೊಡ್ಡದು ಅಷ್ಟೇ. 8×42ರಲ್ಲಿ 5.25 ಮಿ.ಮೀ., ಅಂದರೆ ದಪ್ಪ ಜೋಳದ ಕಾಳಿನಷ್ಟು. ಅಗಲ ಎರಡು ಪಟ್ಟಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಆ ದಿನ ಗೆಳೆಯನ ದುರ್ಬೀನು ನನ್ನದಕ್ಕಿಂತ ನಾಲ್ಕು ಪಟ್ಟಿಗೂ ಜಾಸ್ತಿ ಬೆಳಗಾದ ಚಿತ್ರ ಕೊಡುತ್ತಿತ್ತು.

ಹಾಗಾದರೆ ಬಿಲ್ಲೆ ದೊಡ್ಡದಾದಷ್ಟೂ ಒಳ್ಳೆಯದಾ? ಅಲ್ಲ. ಬೆಳಕು ಕೊನೆಗೆ ಹೋಗಬೇಕಾದದ್ದು ನಮ್ಮ ಕಣ್ಣಿನ ಪಾಪೆಯ ಮೂಲಕ. ಅದೂ ಒಂದು ತೂತು, ಅದಕ್ಕೂ ಮಿತಿ ಇದೆ. ಉರಿಬಿಸಿಲಲ್ಲಿ ಪಾಪೆ 2-3 ಮಿ.ಮೀ.ಗೆ ಕುಗ್ಗಿರುತ್ತದೆ. ಹಾಗಾಗಿ ಮಧ್ಯಾಹ್ನ ನನ್ನ 10×25ಕ್ಕೂ ದೊಡ್ಡ ದುರ್ಬೀನಿಗೂ ಹೊಳಪಿನಲ್ಲಿ ಅಂಥ ವ್ಯತ್ಯಾಸ ಕಾಣೋದಿಲ್ಲ. ಕತ್ತಲಲ್ಲಿ ಇಪ್ಪತ್ತರ ಹುಡುಗನ ಪಾಪೆ 7 ಮಿ.ಮೀ.ವರೆಗೆ ಅರಳುತ್ತದೆ. ವಯಸ್ಸಾದ ಹಾಗೆ ಅದನ್ನು ಅರಳಿಸುವ ಸ್ನಾಯುವಿನ ಬಲ ಕುಗ್ಗುತ್ತದೆ. ಐವತ್ತು ದಾಟಿದ ಬಹಳ ಜನರಿಗೆ 5 ಮಿ.ಮೀ. ಸಿಕ್ಕರೆ ಹೆಚ್ಚು.

ಐವತ್ತೈದರ ಒಬ್ಬರು 7×50 ದುರ್ಬೀನು ಕೊಂಡರು ಅಂದುಕೊಳ್ಳಿ. ಹಡಗಿನವರು ಮೆಚ್ಚುವ ಅಳತೆ ಅದು. ಅದರ ಬಿಲ್ಲೆ ಸುಮಾರು 7.1 ಮಿ.ಮೀ. ಅವರ ಪಾಪೆ 5 ಮಿ.ಮೀ. ಉಳಿದ ಬೆಳಕು ಪಾಪೆಯ ಸುತ್ತಲಿನ ಬಣ್ಣದ ಪರದೆ ಮೇಲೆ ಬಿದ್ದು ವ್ಯರ್ಥ. ಲೆಕ್ಕ ಹಾಕಿದರೆ ಅವರು ನೋಡುತ್ತಿರುವುದು 7×35ರಲ್ಲಿ, ಹೊರುತ್ತಿರುವುದು ಮಾತ್ರ 7×50ರ ಭಾರ! ಹಡಗಿನ ಅಲುಗಾಟದಲ್ಲಿ ದೊಡ್ಡ ಬಿಲ್ಲೆ ಕಣ್ಣಿನಿಂದ ಸುಲಭಕ್ಕೆ ಜಾರೋದಿಲ್ಲ, ಅದು ಅಲ್ಲಿನ ಲಾಭ. ಕೆರೆ ಏರಿ ಮೇಲೆ ನಿಲ್ಲುವ ನಮಗೆ 8×42 ಸಾಕು. ಕೈ ನಡುಗದ ಹರೆಯದವರಿಗೂ 10×42ಕ್ಕಿಂತ 8×42 ಒಳ್ಳೆಯದು ಅಂತಲೇ ನಾನು ಹೇಳೋದು. ಹತ್ತು ಪಟ್ಟು ಹಿಗ್ಗಿದರೆ ಕೈಯ ನಡುಕವೂ ಹತ್ತು ಪಟ್ಟು ಹಿಗ್ಗುತ್ತದೆ.

ಬೇಟೆಗೆ ಅವಕಾಶ ಇರುವ ದೇಶಗಳಲ್ಲಿ ಕೋವಿ ಮೇಲೆ ಕೂರಿಸುವ ಸ್ಕೋಪಿಗೂ ಇದೇ ಲೆಕ್ಕ. ಜರ್ಮನಿಯಲ್ಲಿ ಕಾಡುಹಂದಿ ಬೇಟೆ ನಡೆಯೋದು ಹೆಚ್ಚಾಗಿ ಮಬ್ಬುಗತ್ತಲಲ್ಲಿ. ಅಲ್ಲಿನವರ ಹಳೆಯ ಮೆಚ್ಚಿನ ಸ್ಕೋಪು 8×56, ಭಾಗಿಸಿದರೆ ಸರಿಯಾಗಿ 7. ಕೋವಿ ಹಿಂದಕ್ಕೆ ಒದೆಯುವಾಗ ಹುಬ್ಬಿಗೆ ಬಡಿಯಬಾರದು ಅಂತ ಸ್ಕೋಪಿನಲ್ಲಿ ಕಣ್ಣನ್ನು 8-10 ಸೆಂ.ಮೀ. ದೂರ ಇಟ್ಟು ನೋಡುವ ಹಾಗೆ ಮಾಡಿರುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಗೆ ನಿಷೇಧ ಇದೆ. ರಾಣೆಬೆನ್ನೂರಿನ ಕೃಷ್ಣಮೃಗಗಳನ್ನು ಗಾಜಿನ ಮೂಲಕ ನೋಡುವುದೇ ನಮಗೆ ಇರುವ ದಾರಿ, ನನಗೆ ಅದೇ ಇಷ್ಟ.

ಅಂಗಡಿಗಳಲ್ಲಿ, ಡಬ್ಬಿಗಳ ಮೇಲೆ 'ಟ್ವಿಲೈಟ್ ಫ್ಯಾಕ್ಟರ್' ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಹಿಗ್ಗುವಿಕೆಯನ್ನೂ ಗಾಜಿನ ಅಗಲವನ್ನೂ ಗುಣಿಸಿ, ವರ್ಗಮೂಲ ತೆಗೆದರೆ ಅದು ಬರುತ್ತದೆ. 8×56ಕ್ಕೆ 21.2. ಆದರೆ 18×25 ಅಂತ ಒಂದು ಆಟಿಕೆ ಮಾಡಿದರೂ ಉತ್ತರ 21.2! ಅದರ ಬಿಲ್ಲೆ 1.4 ಮಿ.ಮೀ., ಮುಸ್ಸಂಜೆಯಲ್ಲಿ ಅದರಲ್ಲಿ ಏನೂ ಕಾಣೋದಿಲ್ಲ. ಆ ಸಂಖ್ಯೆಯನ್ನು ನಂಬಿ ದುಡ್ಡು ಕೊಡಬೇಡಿ.

ಈಗ ಗಾಜಿನ ವಿಷಯ. ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಇದೇ.

ಬೆಳಕು ಗಾಳಿಯಿಂದ ಗಾಜಿಗೆ ಹೋಗುವಾಗಲೂ ಗಾಜಿನಿಂದ ಗಾಳಿಗೆ ಬರುವಾಗಲೂ ಸುಮಾರು ನೂರಕ್ಕೆ ನಾಲ್ಕು ಪಾಲು ವಾಪಸ್ ಚಿಮ್ಮುತ್ತದೆ. ನಾಲ್ಕೇ ಅಲ್ವಾ ಅನ್ನಿಸಬಹುದು. ಆದರೆ ದುರ್ಬೀನಿನೊಳಗೆ ಒಂದೇ ಗಾಜಿಲ್ಲ. ಮಸೂರಗಳು, ಪಟ್ಟಕಗಳು ಸೇರಿ ಇಂಥ 16 ಮೈಗಳಿದ್ದರೆ ಕೊನೆಗೆ ಉಳಿಯುವುದು ನೂರಕ್ಕೆ 52 ಪಾಲು. ಅರ್ಧ ಬೆಳಕು ದಾರಿಯಲ್ಲೇ ಹೋಯಿತು. ಹೋಗಿದ್ದರೂ ಚಿಂತೆ ಇರಲಿಲ್ಲ. ಅದು ಕೊಳವೆಯೊಳಗೆ ಅತ್ತಿಂದಿತ್ತ ಪುಟಿದು ಚಿತ್ರದ ಮೇಲೆ ತೆಳು ಮಂಜಿನ ಹಾಗೆ ಹರಡಿ, ಇರುವ ಕಪ್ಪನ್ನೂ ಬೂದಿ ಮಾಡುತ್ತದೆ.

ಹಳೆಯದಾಗಿ ಮಾಸಿದ ಗಾಜು ಹೊಸ ಗಾಜಿಗಿಂತ ಜಾಸ್ತಿ ಬೆಳಕು ಬಿಡುತ್ತದೆ ಅನ್ನೋದನ್ನು 1886ರಲ್ಲಿ ಬ್ರಿಟನ್ನಿನ ವಿಜ್ಞಾನಿ ಲಾರ್ಡ್ ರ್‍ಯಾಲೆ ಗಮನಿಸಿದ. ಗಾಜಿನ ಮೇಲೆ ತಾನಾಗಿಯೇ ಕೂತ ತೆಳು ಪೊರೆಯ ಕೆಲಸ ಅದು. ಅಂಥ ಪೊರೆಯನ್ನು ಬೇಕೆಂದೇ ಕೂರಿಸುವ ವಿಧಾನವನ್ನು 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲ ಕಂಡುಹಿಡಿದ. ಮೆಗ್ನೀಸಿಯಮ್ ಫ್ಲೋರೈಡ್ ಪೊರೆಯಾದರೆ ಸುಮಾರು 100 ನ್ಯಾನೊಮೀಟರ್ ದಪ್ಪ ಇರಬೇಕು. ನಮ್ಮ ತಲೆಗೂದಲಿನ ದಪ್ಪದಲ್ಲಿ ಹೆಚ್ಚುಕಡಿಮೆ ಸಾವಿರದ ಒಂದು ಪಾಲು. ಪೊರೆಯ ಮೇಲುಮೈಯಿಂದ ಚಿಮ್ಮಿದ ಅಲೆ, ಕೆಳಮೈಯಿಂದ ಚಿಮ್ಮಿದ ಅಲೆ ಎರಡೂ ಎದುರುಬದುರಾಗಿ ಒಂದನ್ನೊಂದು ಅಳಿಸುತ್ತವೆ. ವಾಪಸ್ ಹೋಗುವ ದಾರಿ ಮುಚ್ಚಿದ ಬೆಳಕು ಮುಂದಕ್ಕೇ ಹೋಗುತ್ತದೆ. ಮಳೆ ನಿಂತ ಮೇಲೆ ಹುಬ್ಬಳ್ಳಿಯ ರಸ್ತೆಯಲ್ಲಿ ನೀರಿನ ಮೇಲೆ ಎಣ್ಣೆ ಚೆಲ್ಲಿ ಬಣ್ಣ ಬಣ್ಣವಾಗಿ ಕಾಣುತ್ತದಲ್ಲ, ಅಲ್ಲಿ ನಡೆಯುವುದೂ ಇಂಥ ಅಲೆಗಳ ಕೂಡಿಕೆ, ಕಳೆತ.

ಈಗ ಒಂದೇ ಪೊರೆಯಲ್ಲ, ಒಂದರ ಮೇಲೊಂದು ಹಲವು ಪೊರೆ ಕೂರಿಸುತ್ತಾರೆ. ಒಂದೊಂದು ಮೈಯಲ್ಲಿ ನಷ್ಟ ನೂರಕ್ಕೆ ಅರ್ಧ ಪಾಲಿಗೆ ಇಳಿದರೆ, ಅದೇ 16 ಮೈ ದಾಟಿ 92 ಪಾಲು ಬೆಳಕು ಉಳಿಯುತ್ತದೆ. 52 ಎಲ್ಲಿ, 92 ಎಲ್ಲಿ! 'ಫುಲ್ಲಿ ಮಲ್ಟಿಕೋಟೆಡ್' ಅಂತ ಬರೆದಿರುವುದನ್ನೇ ಕೊಳ್ಳಿ. ಬರೀ 'ಕೋಟೆಡ್' ಅಂದರೆ ಒಂದೆರಡು ಮೈಗೆ ಮಾತ್ರ ಪೊರೆ ಇರಬಹುದು. ಕಣ್ಣಾರೆ ನೋಡಬೇಕಾದರೆ ಅಂಗಡಿಯ ಟ್ಯೂಬ್‌ಲೈಟಿನ ಬಿಂಬ ಮುಂದಿನ ಗಾಜಿನಲ್ಲಿ ಬೀಳುವ ಹಾಗೆ ಹಿಡಿಯಿರಿ. ಒಳಗಿನ ಒಂದೊಂದು ಮೈಯಿಂದಲೂ ಒಂದೊಂದು ಬಿಂಬ ಸಾಲಾಗಿ ಕಾಣುತ್ತದೆ. ಎಲ್ಲವೂ ಮಂಕಾಗಿ, ಹಸಿರು ಅಥವಾ ನೇರಳೆ ಛಾಯೆಯಲ್ಲಿದ್ದರೆ ಒಳ್ಳೆಯದು. ನಡುವೆ ಒಂದು ಬಿಂಬ ಬೆಳ್ಳಗೆ ಫಳಫಳ ಹೊಳೆದರೆ ಆ ಗಾಜಿಗೆ ಪೊರೆ ಇಲ್ಲ.

ಪಟ್ಟಕಗಳ ಬಗ್ಗೆ ಎರಡೇ ಮಾತು. ಅಂಕುಡೊಂಕು ಮೈಯ ಹಳೆ ಮಾದರಿಯ ದುರ್ಬೀನು ಕಡಿಮೆ ಬೆಲೆಗೂ ಒಳ್ಳೆ ಬೆಳಕು ಕೊಡುತ್ತದೆ, ಆದರೆ ಅದರೊಳಗೆ ನೀರು ಹೋಗದ ಹಾಗೆ ಮಾಡೋದು ಕಷ್ಟ. ನೇರ ಕೊಳವೆಯ ರೂಫ್ ಪ್ರಿಸ್ಮ್ ಮಾದರಿ ಮಳೆಗೆ ಒಳ್ಳೆಯದು. ಅದರಲ್ಲಿ 'ಫೇಸ್ ಕೋಟಿಂಗ್' (phase coating, ಪಟ್ಟಕದ ಮೇಲೆ ಕೂರಿಸುವ ವಿಶೇಷ ಪೊರೆ) ಇದೆಯಾ ಅಂತ ಕೇಳಿ, ಅದಿಲ್ಲದಿದ್ದರೆ ಚಿತ್ರದ ಸೂಕ್ಷ್ಮ ವಿವರಗಳು ಮೊಂಡಾಗುತ್ತವೆ.

ಗಾಜು ಎಷ್ಟೇ ಒಳ್ಳೆಯದಿರಲಿ, ಕಣ್ಣು ಕತ್ತಲಿಗೆ ಒಗ್ಗಬೇಕು. ಅದಕ್ಕೆ 20-30 ನಿಮಿಷ ಬೇಕು. ನಡುವೆ ಒಂದು ಸಲ ಮೊಬೈಲ್ ತೆರೆದು ನೋಡಿದರೆ ಒಗ್ಗಿದ್ದು ಬಹುಪಾಲು ಕೆಟ್ಟಿತು. ಇನ್ನೊಂದು ಸಂಗತಿಯನ್ನು ನಾನು ಮೊದಲು ಗಮನಿಸಿದ್ದು ಬ್ಯಾಡಗಿಯಲ್ಲಿ. ಒಣಹಾಕಿದ ಮೆಣಸಿನಕಾಯಿ ಹಗಲಲ್ಲಿ ಕೆಂಪು ಚಾದರ ಹಾಸಿದ ಹಾಗಿತ್ತು. ಮುಸ್ಸಂಜೆ ಇಳಿದಂತೆ ಆ ಕೆಂಪು ಕಪ್ಪಾಗುತ್ತಾ ಹೋಯಿತು, ಪಕ್ಕದ ಬೇವಿನ ಮರ ಮಾತ್ರ ಇನ್ನೂ ತಿಳಿಯಾಗಿ ಕಾಣುತ್ತಿತ್ತು. ಮಬ್ಬಿನಲ್ಲಿ ಕೆಲಸ ಮಾಡುವ ಕಣ್ಣಿನ ಕಡ್ಡಿಕೋಶಗಳಿಗೆ ಕೆಂಪು ಕಾಣೋದಿಲ್ಲ, ನೀಲಿ-ಹಸಿರು ಚೆನ್ನಾಗಿ ಕಾಣುತ್ತದೆ. ಹಾಗಾಗಿ ನಸುಕಿನಲ್ಲಿ ಹಕ್ಕಿಯ ಕೆಂಪು ಕೊಕ್ಕು, ಕೆಂಪು ಕಾಲು ಹುಡುಕಿ ಗುರುತು ಹಿಡಿಯಲು ಹೋಗಬೇಡಿ. ಆಕಾರ, ಕಪ್ಪು-ಬಿಳಿ ಪಟ್ಟೆ ನೋಡಿ.

ಇನ್ನು ಮಳೆ. ಧಾರವಾಡದವರಿಗೆ ಮಳೆ ಅಂದರೆ ಧೋ ಅಂತ ಸುರಿದು ಹೋಗೋದಲ್ಲ, ಜಿಟಿ ಜಿಟಿ ಅಂತ ದಿನಗಟ್ಟಲೆ ಹಿಡಿಯೋದು. ಅಂಥ ಒಂದು ಜುಲೈನಲ್ಲಿ ಕೆಲಗೇರಿ ಕೆರೆಯ ದಂಡೆಯಲ್ಲಿ ನನ್ನ ಮೊದಲ ದುರ್ಬೀನು ಒಳಗಿನಿಂದ ಮಂಜಾಯಿತು. ಹೊರಗೆ ಎಷ್ಟು ಒರೆಸಿದರೂ ಹೋಗಲಿಲ್ಲ. ತೆಗೆದುಕೊಳ್ಳುವಾಗ 'ನೀರಿಗೆ ಏನೂ ಆಗಲ್ಲ' ಅಂದಿದ್ದರು, ನಾನು ನಂಬಿದ್ದೆ.

ಆಗಿದ್ದು ಇಷ್ಟು. ಬೆಚ್ಚಗಿದ್ದ ದುರ್ಬೀನು ತಣ್ಣಗಾದಾಗ ಒಳಗಿನ ಗಾಳಿ ಕುಗ್ಗುತ್ತದೆ. ಸಂದುಗಳು ಬಿಗಿ ಇಲ್ಲದಿದ್ದರೆ ಹೊರಗಿನ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ. ದಿನಾ ಹೀಗೆ ಉಸಿರಾಡುತ್ತಾ ಒಳಗೆ ತೇವ ಕೂಡುತ್ತದೆ. ಒಂದು ದಿನ ಗಾಜು ಸಾಕಷ್ಟು ತಣ್ಣಗಾದಾಗ ಆ ತೇವ ಹನಿಯಾಗಿ ಒಳಮೈಗೆ ಅಂಟುತ್ತದೆ. ಇದನ್ನು ತಡೆಯಲು ಸಂದುಗಳಿಗೆ ರಬ್ಬರ್ ಉಂಗುರ ಕೂರಿಸಿ, ಒಳಗೆ ಒಣ ನೈಟ್ರೋಜನ್ ಅಥವಾ ಆರ್ಗಾನ್ ತುಂಬುತ್ತಾರೆ. ನೈಟ್ರೋಜನ್ನಿನಲ್ಲಿ ಮಾಯೆ ಏನಿಲ್ಲ, ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ಅದೇ. ಅದು ಒಣಗಿದೆ ಅನ್ನೋದೇ ಮುಖ್ಯ. 'ವಾಟರ್‌ಪ್ರೂಫ್' ಮತ್ತು 'ಫಾಗ್‌ಪ್ರೂಫ್' ಎರಡೂ ಬರೆದಿರಬೇಕು. 'ಐಪಿಎಕ್ಸ್-7' ಅಂತ ಇದ್ದರೆ 1 ಮೀಟರ್ ನೀರಲ್ಲಿ 30 ನಿಮಿಷ ತಡೆದುಕೊಳ್ಳಬೇಕು ಅಂತ ಅರ್ಥ. 'ವೆದರ್ ರೆಸಿಸ್ಟೆಂಟ್' ಅಂತ ಮಾತ್ರ ಇದ್ದರೆ ತುಂತುರಿಗೆ ಸರಿ, ನಮ್ಮ ಶ್ರಾವಣಕ್ಕೆ ಅಲ್ಲ.

ಹೊರಗಿನ ಗಾಜಿಗೆ ಬೀಳುವ ಮಂಜನ್ನು ಯಾವ ನೈಟ್ರೋಜನ್ನೂ ತಡೆಯೋದಿಲ್ಲ. ಏಸಿ ಕಾರಿನಿಂದ ಇಳಿದ ತಕ್ಷಣ ಹೊರತೆಗೆದರೆ ಮಂಜಾಗಿಯೇ ಆಗುತ್ತದೆ. ಚೀಲದಲ್ಲೇ ಹತ್ತು ನಿಮಿಷ ಬಿಡಿ.

ನನ್ನ ಆ ದುರ್ಬೀನನ್ನು ಒರೆಸಿ, ಚರ್ಮದ ಚೀಲಕ್ಕೆ ಹಾಕಿ, ಕಪಾಟಿನಲ್ಲಿ ಇಟ್ಟೆ. ಮಳೆಗಾಲ ಮುಗಿದ ಮೇಲೆ ತೆಗೆದು ನೋಡಿದರೆ ಗಾಜಿನೊಳಗೆ ಜೇಡರ ಬಲೆಯ ಹಾಗೆ ಎಳೆಎಳೆಯಾಗಿ ಬೂಷ್ಟು ಹಬ್ಬಿತ್ತು. ಕತ್ತಲು, ತೇವ, ಗಾಳಿಯಾಡದ ಚರ್ಮ, ಬೂಷ್ಟಿಗೆ ಬೇಕಾದದ್ದೆಲ್ಲ ನಾನೇ ಒದಗಿಸಿದ್ದೆ. ಗಾಜಿನ ಮೇಲಿನ ಧೂಳು, ಬೆರಳಿನ ಜಿಡ್ಡೇ ಅದಕ್ಕೆ ಊಟ. ಅದು ಬಿಡುವ ಆಮ್ಲ ಆ ನೂರು ನ್ಯಾನೊಮೀಟರಿನ ಪೊರೆಯನ್ನು ಕೊರೆಯುತ್ತದೆ. ಆಮೇಲೆ ಬೂಷ್ಟು ತೆಗೆದರೂ ಗುರುತು ಹೋಗೋದಿಲ್ಲ.

ಈಗ ನೆನೆದು ಮನೆಗೆ ಬಂದರೆ ಮೊದಲು ಬ್ಲೋವರ್‌ನಿಂದ ಊದಿ ಹನಿ, ಮರಳು ಹಾರಿಸುತ್ತೇನೆ. ಆಮೇಲಷ್ಟೇ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ. ಅಂಗಿಯ ತುದಿ, ಟವೆಲ್ ಮುಟ್ಟಿಸೋದೇ ಇಲ್ಲ, ಒಂದು ಮರಳಿನ ಕಣ ಇದ್ದರೂ ಗೀರು ಬೀಳುತ್ತದೆ. ರಾತ್ರಿಯಿಡೀ ಫ್ಯಾನಿನ ಕೆಳಗೆ ತೆರೆದಿಟ್ಟು, ಬೆಳಗ್ಗೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕುತ್ತೇನೆ. ಜೊತೆಗೆ ಒಂದು ಹಿಡಿ ಸಿಲಿಕಾ ಜೆಲ್, ಬಟ್ಟೆಯ ಗಂಟಿನಲ್ಲಿ. ಕಿತ್ತಳೆ ಬಣ್ಣದ ಕಾಳು ತೇವ ಹೀರಿ ಹಸಿರಾದರೆ, ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿದರೆ ಮತ್ತೆ ಕಿತ್ತಳೆಗೆ ತಿರುಗುತ್ತದೆ. ಮಳೆಗಾಲದಲ್ಲಿ ಆಗಾಗ ಡಬ್ಬಿ ನೋಡಿ ಕಾಳುಗಳ ಬಣ್ಣ ಗಮನಿಸುತ್ತೇನೆ.

ಕೊಳ್ಳಲು ಹೋಗುವವರು ಸಂಜೆ ಹೋಗಿ. ಅಂಗಡಿಯೊಳಗೆ ನಿಂತು ಎದುರಿನ ಬೋರ್ಡು ಓದಿದರೆ ಎಲ್ಲ ದುರ್ಬೀನೂ ಚೆನ್ನಾಗೇ ಇರುತ್ತದೆ. ದೀಪ ಹಚ್ಚುವ ಹೊತ್ತಿಗೆ ಹೊರಗೆ ಬಂದು, ಯಾವುದಾದರೂ ಕತ್ತಲೆ ಮೂಲೆಯ ಕಡೆ, ನಿಲ್ಲಿಸಿದ ಗಾಡಿಯ ಕೆಳಗೆ, ಮರದ ಬುಡದ ಕಡೆ ತಿರುಗಿಸಿ. ಬರಿಗಣ್ಣಿಗೆ ಕಾಣದ ಏನಾದರೂ ಅದರಲ್ಲಿ ಕಾಣುತ್ತಾ ನೋಡಿ. ಕನ್ನಡಕ ಹಾಕುವವರು ಕನ್ನಡಕದ ಮೇಲೇ ಇಟ್ಟು, ಚಿತ್ರದ ವೃತ್ತ ಪೂರ್ತಿ ಕಾಣುತ್ತದಾ ಅಂತ ಪರೀಕ್ಷೆ ಮಾಡಿ.