ಅಣ್ಣಾವ್ರ ದನಿಯೋ, ಪಿಬಿಎಸ್ ದನಿಯೋ?

ಪ್ರಶ್ನೆ: ನಮ್ಮ ಮನೇಲಿ ಹಳೇ ಜಗಳ ಒಂದು ತೀರೋದೇ ಇಲ್ಲ. ಅಪ್ಪನಿಗೆ ಪಿ.ಬಿ. ಶ್ರೀನಿವಾಸ್ ಹಾಡಿದ್ದೇ ಹಾಡು. ದೊಡ್ಡಪ್ಪನಿಗೆ ಅಣ್ಣಾವ್ರು ತಾವೇ ಹಾಡೋಕೆ ಶುರು ಮಾಡಿದ ಮೇಲೆ ಬೇರೆ ಯಾರ ದನಿಯೂ ಬೇಡ. ನನಗೆ ಎರಡೂ ಇಷ್ಟ. ಯಾಕೆ ಇಷ್ಟ ಅಂತ ಕೇಳಿದರೆ ಮಾತ್ರ ಹೇಳೋಕೆ ಬರಲ್ಲ. ನೀವಾದರೂ ಹೇಳಿ.
(ಓದುಗರೊಬ್ಬರು, ನಿಟ್ಟುವಳ್ಳಿ, ದಾವಣಗೆರೆ)

ಉತ್ತರ: ಚಿತ್ರಗೀತೆಗಳ ಬಗ್ಗೆ ಬರೆದಾಗಲೆಲ್ಲ ಒಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ. ನಮ್ಮ ಮನೆಯಲ್ಲೂ ಈ ಜಗಳ ಇತ್ತು. ಅಪ್ಪ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಸಂಜೆ ಬಂದು ಮಂಡಕ್ಕಿ ಪೊಟ್ಟಣ ಬಿಚ್ಚಿಟ್ಟರೆಂದರೆ ಟೇಪ್ ರೆಕಾರ್ಡರ್‌ಗೆ ‘ಬಭ್ರುವಾಹನ’ದ ಕ್ಯಾಸೆಟ್ ಬೀಳುತ್ತಿತ್ತು. ‘ಯಾರು ತಿಳಿಯರು ನಿನ್ನ’ ಶುರುವಾದ ಕೂಡಲೇ ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡು, “ಕಣ್ಣು ಮುಚ್ಕೊಂಡು ಕೇಳಪ. ಈಗ ಯಾರು ಹಾಡ್ತಿರೋದು? ಈಗ ಯಾರು?” ಎಂದು ಕೇಳುತ್ತಿದ್ದರು.

1977ರ ಆ ಚಿತ್ರದಲ್ಲಿ ಅಪ್ಪ ಅರ್ಜುನನೂ ರಾಜಕುಮಾರ್, ಮಗ ಬಭ್ರುವಾಹನನೂ ರಾಜಕುಮಾರ್. ಇಬ್ಬರೂ ಎದುರುಬದುರು ನಿಂತು ಹಾಡಿನಲ್ಲೇ ವಾದಕ್ಕೆ ಇಳಿಯುತ್ತಾರೆ. ಮಗನಿಗೆ ರಾಜಕುಮಾರ್ ಅವರದೇ ದನಿ, ಅರ್ಜುನನಿಗೆ ಪಿಬಿಎಸ್ ದನಿ. ಸಂಗೀತ ಟಿ.ಜಿ. ಲಿಂಗಪ್ಪ ಅವರದು. ಮುಖ ಒಂದೇ, ದನಿ ಎರಡು. ನಿಮ್ಮ ಪ್ರಶ್ನೆಗೆ ಬೇಕಾದದ್ದೆಲ್ಲ ಆ ಒಂದು ಹಾಡಿನಲ್ಲೇ ಇದೆ ಎಂದು ನನಗೆ ಗೊತ್ತಾಗಲು ಬಹಳ ವರ್ಷ ಬೇಕಾಯಿತು. ಅಪ್ಪ ಅದೇ ಜಾಗಕ್ಕೆ ಹಿಂದೆ ತಿರುಗಿಸಿ ತಿರುಗಿಸಿ ಕೇಳಿಸಿದ್ದಕ್ಕೆ ಟೇಪು ಅಲ್ಲಿ ಸವೆದು, ದನಿ ಬದಲಾಗುವ ಹೊತ್ತಿಗೆ ಸರಿಯಾಗಿ ಒಮ್ಮೆ ಎಳೆದು ಮುಂದೆ ಹೋಗುತ್ತಿತ್ತು.

ಮೊದಲು ಪಿಬಿಎಸ್. ಅವರದು ಮೈಕಿನ ಮುಂದೆ ಅರಳಿದ ದನಿ. ಮೈಕ್ ಹತ್ತಿರ ಇದ್ದರೆ ಗಂಟಲು ಎತ್ತಬೇಕಾಗಿಲ್ಲ, ಪಕ್ಕದಲ್ಲಿ ಕೂತವರಿಗೆ ಹೇಳಿದಷ್ಟೇ ಮೆಲ್ಲಗೆ ಹೇಳಿದರೂ ಸಾಕು. ಮಂದ್ರದಲ್ಲಿ, ಅಂದರೆ ಕೆಳಗಿನ ಸ್ವರಗಳಲ್ಲಿ, ಅವರ ದನಿ ಇನ್ನೂ ತುಂಬಿಕೊಳ್ಳುತ್ತದೆ. ಸಾಲಿನ ಕೊನೆಯ ಅಕ್ಷರವನ್ನು ಅವರು ಕತ್ತರಿಸುವುದಿಲ್ಲ, ನೆಲದ ಮೇಲೆ ತುಂಬಿದ ಕೊಡ ಇಳಿಸಿದ ಹಾಗೆ ಇಳಿಸುತ್ತಾರೆ. ‘ಕಸ್ತೂರಿ ನಿವಾಸ’ದ ‘ಆಡಿಸಿ ನೋಡು ಬೀಳಿಸಿ ನೋಡು’ ಕೇಳಿ. ಎಲ್ಲವನ್ನೂ ಕೊಟ್ಟು ಬರಿಗೈ ಆಗುವ ಮನುಷ್ಯನ ಕಥೆ ಅದು. ಅದನ್ನು ಗಂಟಲು ಬಿಚ್ಚಿ ಹಾಡಿದ್ದರೆ ಅವನು ತನ್ನ ದೊಡ್ಡತನವನ್ನು ತಾನೇ ಸಾರಿದಂತೆ ಆಗುತ್ತಿತ್ತು. ಪಿಬಿಎಸ್ ಅದನ್ನು ತನಗೆ ತಾನೇ ಹೇಳಿಕೊಂಡಂತೆ ಹಾಡುತ್ತಾರೆ, ಪಕ್ಕದಲ್ಲಿದ್ದ ನಮಗೆ ಅದು ಕೇಳಿಸಿಬಿಡುತ್ತದೆ.

ಕಾಕಿನಾಡದಲ್ಲಿ 1930ರಲ್ಲಿ ಹುಟ್ಟಿದ ತೆಲುಗು ಮನೆಮಾತಿನ ಮನುಷ್ಯ ಕನ್ನಡದ ಅಕ್ಷರಗಳನ್ನು ಇಷ್ಟು ಮೃದುವಾಗಿ, ಇಷ್ಟು ಸ್ಪಷ್ಟವಾಗಿ ಹೇಗೆ ಹಿಡಿದರು? ಅವರಿಗೆ ಮಾತಿನ ಮೇಲೆಯೇ ಪ್ರೀತಿ ಇತ್ತು. ಹಲವು ಭಾಷೆಗಳಲ್ಲಿ ಕವಿತೆ ಬರೆದರು, ಕನ್ನಡದಲ್ಲೂ ಬರೆದರು. ಮದರಾಸಿನ ವುಡ್‌ಲ್ಯಾಂಡ್ಸ್ ಹೋಟೆಲಿನಲ್ಲಿ ಜೇಬಿನ ತುಂಬ ಪೆನ್ನು ಇಟ್ಟುಕೊಂಡು ಬರೆಯುತ್ತ ಕೂತಿರುತ್ತಿದ್ದ ಅವರನ್ನು ಕಂಡವರು ಬಹಳ. 1960ರ ‘ಭಕ್ತ ಕನಕದಾಸ’ದಿಂದ ಮುಂದೆ ಸುಮಾರು ಒಂದೂವರೆ ದಶಕ ಕನ್ನಡಿಗರ ಕಿವಿಗೆ ರಾಜಕುಮಾರ್ ಹಾಡುವುದೆಂದರೆ ಪಿಬಿಎಸ್ ಹಾಡುವುದೇ ಆಗಿತ್ತು. ರಾಜ್ ಶರೀರ, ಪಿಬಿಎಸ್ ಶಾರೀರ ಎಂಬ ಮಾತು ಇವತ್ತಿಗೂ ಜನರ ಬಾಯಲ್ಲಿದೆ.

ಇನ್ನು ಅಣ್ಣಾವ್ರ ದನಿ. ಇಲ್ಲಿ ನಮ್ಮೂರಿನ ವಿಷಯ ಬಾರದೆ ಇರುವುದಿಲ್ಲ. ಕೆ.ಬಿ.ಆರ್. ಡ್ರಾಮಾ ಕಂಪನಿ ದಾವಣಗೆರೆಯದು, ರಂಗನಟಿ ಚಿಂದೋಡಿ ಲೀಲಾ ನಮ್ಮೂರಿನವರು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತೆಂದರೆ ನಾಟಕ ನೋಡದೆ ಜಾತ್ರೆ ಮುಗಿಯಿತು ಅನ್ನುವವರು ನಮ್ಮ ಅಜ್ಜನ ಕಾಲದಲ್ಲಿ ಇರಲಿಲ್ಲ. ಹಳೆಯ ಕಂಪನಿ ನಾಟಕದಲ್ಲಿ ಪಾತ್ರಧಾರಿಯೇ ಮಾತಾಡಬೇಕು, ಅವನೇ ಹಾಡಬೇಕು. ಮಾತು ಏರುತ್ತ ಏರುತ್ತ ಹೋದ ಹಾಗೆ ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿಯುತ್ತಾರೆ, ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಅನ್ನುವುದು ತಿಳಿಯುವುದಿಲ್ಲ. ಚೆನ್ನಾಗಿ ಬಂದರೆ ಜನ ‘ವನ್ಸ್ ಮೋರ್’ ಎಂದು ಕೂಗುತ್ತಾರೆ, ನಾಟಕ ಅಲ್ಲೇ ನಿಂತು ಹಾಡು ಮತ್ತೆ ಮೊದಲಿಂದ. ಹಿಂದಿನ ಸಾಲಿನಲ್ಲಿ ಕೂತವನಿಗೂ ಒತ್ತಕ್ಷರ ಒತ್ತಕ್ಷರವಾಗಿ, ಮಹಾಪ್ರಾಣ ಮಹಾಪ್ರಾಣವಾಗಿ ಕೇಳಬೇಕು. ಇಲ್ಲದಿದ್ದರೆ ಅವನು ನಟನೇ ಅಲ್ಲ.

ರಾಜಕುಮಾರ್ ಬೆಳೆದದ್ದು ಇದೇ ಲೋಕದಲ್ಲಿ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ರಂಗನಟರು, ಮಗ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಸಿನಿಮಾದಲ್ಲಿ ಮೊದಲು ಅಲ್ಲೊಂದು ಇಲ್ಲೊಂದು ಹಾಡಿದ್ದರೂ, ಅವರ ಗಾಯನ ಜನರನ್ನು ಹಿಡಿದದ್ದು 1974ರ ‘ಸಂಪತ್ತಿಗೆ ಸವಾಲ್’ನಲ್ಲಿ, ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ. ಆ ಸಿನಿಮಾಕ್ಕೆ ಮೂಲ ಪಿ.ಬಿ. ಧುತ್ತರಗಿ ಅವರ ನಾಟಕ! ಕಂಪನಿ ನಾಟಕದ ಕಥೆಯೇ ಕಂಪನಿ ನಟನ ದನಿಯನ್ನು ಹೊರಗೆ ತಂದಿತು ಎಂದು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಎಮ್ಮೆಯ ಮೇಲೆ ಕೂತು ‘ಯಾರೇ ಕೂಗಾಡಲಿ’ ಎಂದು ಹಾಡುವವನಿಗೆ ಬಯಲಿನ ಗಂಟಲು ಬೇಕು. ಅಲ್ಲಿ ಪಿಬಿಎಸ್ ಅವರ ಮೆಲುದನಿ ಎಮ್ಮೆಗೂ ಕೇಳಿಸುತ್ತಿರಲಿಲ್ಲ ಎಂದು ದೊಡ್ಡಪ್ಪ ವಾದಿಸಿದರೆ ನಾನು ಅವರ ಪಕ್ಷ.

ಅಣ್ಣಾವ್ರ ಹಾಡು ನಮಗೆ ಹಿಡಿಸುವುದಕ್ಕೆ ಕಾರಣ ಅವರು ದೊಡ್ಡ ನಟ ಎಂಬುದಷ್ಟೇ ಅಲ್ಲ. ಮಾತಿಗೂ ಹಾಡಿಗೂ ನಡುವೆ ಹೊಲಿಗೆ ಕಾಣುವುದಿಲ್ಲ. ತೆರೆಯ ಮೇಲೆ ಈಗ ತಾನೇ ಮಾತಾಡಿದ ಮನುಷ್ಯನೇ ಹಾಡುತ್ತಿದ್ದಾನೆ ಎಂದು ಕಿವಿ ನಂಬುತ್ತದೆ. ನಾಟಕ ನೋಡಿ ಬೆಳೆದ ಮಧ್ಯ ಕರ್ನಾಟಕದ ಕಿವಿಗೆ ಆ ನಂಬಿಕೆ ಬೇಗ ಹುಟ್ಟುತ್ತದೆ. ರಾಗದಲ್ಲೂ ಅವರು ಹಿಂದೆ ಬಿದ್ದವರಲ್ಲ. ‘ಜೀವನ ಚೈತ್ರ’ದಲ್ಲಿ ತೋಡಿ ರಾಗದ ‘ನಾದಮಯ’ ಹಾಡಿ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಪಡೆದರು.

ಹಾಗಾದರೆ ಪಿಬಿಎಸ್ ಎಂದರೆ ಮೆದು, ವೀರರಸ ಅವರಿಗೆ ಒಗ್ಗದು ಎಂದುಕೊಳ್ಳಬೇಡಿ. ಪಕ್ಕದ ಚಿತ್ರದುರ್ಗಕ್ಕೆ ಹೋಗಿ ಆ ಮಾತು ಹೇಳಿದರೆ ಬೈಸಿಕೊಳ್ಳುತ್ತೀರಿ. 1972ರ ‘ನಾಗರಹಾವು’ ಚಿತ್ರೀಕರಣವಾದದ್ದು ಅಲ್ಲಿನ ಕೋಟೆಯಲ್ಲಿ. ಒನಕೆ ಓಬವ್ವನ ಕಥೆ ಹೇಳುವ ‘ಕನ್ನಡ ನಾಡಿನ ವೀರ ರಮಣಿಯ’ ಹಾಡಿದ್ದು ಪಿಬಿಎಸ್. ದುರ್ಗದಲ್ಲಿ ರಾಜ್ಯೋತ್ಸವ ಎಂದರೆ ಆ ಹಾಡು ಇರಲೇಬೇಕು. ಅದನ್ನು ಅವರು ಅಬ್ಬರಿಸುವುದಿಲ್ಲ. ಜಗುಲಿಯ ಮೇಲೆ ಕೂತ ಹಿರಿಯರು ಮಕ್ಕಳಿಗೆ ಕಥೆ ಹೇಳುವಂತೆ ಹೇಳುತ್ತ ಹೋಗುತ್ತಾರೆ, ಕಥೆ ಕಾವೇರಿದ ಹಾಗೆ ದನಿಯೂ ಕಾವೇರುತ್ತದೆ. ಓಬವ್ವನ ಕಿಂಡಿಯ ಮುಂದೆ ನಿಂತಾಗ ನನ್ನ ತಲೆಯಲ್ಲಿ ಓಡಿದ್ದು ಪಠ್ಯಪುಸ್ತಕದ ಪಾಠವಲ್ಲ, ಆ ದನಿ.

ಅದೇ ಚಿತ್ರದಲ್ಲಿ ರಾಮಾಚಾರಿಯ ಸಿಟ್ಟಿಗೆ, ‘ಹಾವಿನ ದ್ವೇಷ’ಕ್ಕೆ, ಸಂಗೀತ ನಿರ್ದೇಶಕ ವಿಜಯಭಾಸ್ಕರ್ ಆರಿಸಿಕೊಂಡದ್ದು ಆಗಿನ್ನೂ ಎಳೆಯರಾಗಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರನ್ನು. ಪ್ರೇಮಕ್ಕೆ ಮಾತ್ರ, ‘ಬಾರೆ ಬಾರೆ’ಗೆ, ಮತ್ತೆ ಪಿಬಿಎಸ್. ಎಸ್‌ಪಿಬಿ ಬಗ್ಗೆ ಬರೆಯಲು ಇನ್ನೊಂದು ದಿನ ಬೇಕು. ಒಂದು ಮಾತು ಮಾತ್ರ ಈಗಲೇ ಹೇಳಬೇಕು. ಅವರ ಆರು ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡದ್ದು ಒಂದೇ. ಅದು ಬಂದದ್ದು ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರಕ್ಕೆ. ನಿರ್ದೇಶನ ನಮ್ಮ ದಾವಣಗೆರೆಯ ಚಿಂದೋಡಿ ಬಂಗಾರೇಶ್ ಅವರದು, ಸಂಗೀತ ಹಂಸಲೇಖ ಅವರದು. ನಾಟಕದ ಮನೆತನದವರೇ ಆ ಸಿನಿಮಾ ಮಾಡಿದರು ಎಂಬುದು ನಮ್ಮೂರಿನ ಎಷ್ಟೋ ಹುಡುಗರಿಗೆ ಗೊತ್ತಿಲ್ಲ, ನನಗೆ ಅದೊಂದು ಬೇಸರ.

ನಿಮ್ಮ ಮನೆಯ ಜಗಳಕ್ಕೆ ಬರೋಣ. ಅಪ್ಪ ಮತ್ತು ದೊಡ್ಡಪ್ಪ ಇಬ್ಬರನ್ನೂ ಕೂರಿಸಿ ‘ಯಾರು ತಿಳಿಯರು ನಿನ್ನ’ ಹಾಕಿ. ಅರ್ಜುನನಿಗೆ ವಯಸ್ಸಿನ ತೂಕ, ಗೆದ್ದು ಗೆದ್ದು ಬಂದ ಬಿಗುಮಾನ. ಅದು ಪಿಬಿಎಸ್ ದನಿಯಲ್ಲಿ ಏರದೆ ನಿಂತಿದೆ. ಅಪ್ಪನಿಂದ ಅವಮಾನವಾದ ಹುಡುಗನ ಉರಿ ಅಣ್ಣಾವ್ರ ದನಿಯಲ್ಲಿ ಒಂದೊಂದು ಅಕ್ಷರಕ್ಕೂ ಕಿಡಿ ಹಾರಿಸುತ್ತದೆ. ದನಿಗಳನ್ನು ಅದಲುಬದಲು ಮಾಡಿ ಮನಸ್ಸಿನಲ್ಲೇ ಹಾಡಿಸಿ ನೋಡಿ, ಹಾಡು ನಿಲ್ಲುವುದಿಲ್ಲ. ಆಮೇಲೆ ರಾತ್ರಿ ಊಟವಾಗಿ ಬೀದಿ ಸದ್ದು ಅಡಗಿದ ಮೇಲೆ, ದೊಡ್ಡಪ್ಪನವರಿಗೆ ವಾಲ್ಯೂಮ್ ಪೂರ್ತಿ ಇಳಿಸಿ ‘ಆಡಿಸಿ ನೋಡು’ ಕೇಳಿಸಿ. ಅಪ್ಪನವರನ್ನು ಬೆಳಗ್ಗೆ ಹೊಲದ ಬದಿಗೆ ಕರೆದುಕೊಂಡು ಹೋಗಿ, ‘ಯಾರೇ ಕೂಗಾಡಲಿ’ಯನ್ನು ಎಷ್ಟು ಜೋರಾಗಿ ಹಾಕಲು ಆಗುತ್ತದೋ ಅಷ್ಟು ಜೋರಾಗಿ ಹಾಕಿ.