ಐವತ್ತು ಸಾವಿರದ ಸಾಫ್ಟ್‌ವೇರ್ ಸಿಂಥ್ ತಗೋಬೇಕಾ?

ಪ್ರಶ್ನೆ: ನಾನು ದಾವಣಗೆರೆಯವನು. ಗಣಪತಿ ಹಬ್ಬ, ಜಾತ್ರೆ, ಮದುವೆ ಅಂತ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸ್ತೀನಿ. ಮನೇಲಿ ಲ್ಯಾಪ್‌ಟಾಪ್ ಇಟ್ಕೊಂಡು ಭಕ್ತಿಗೀತೆ, ಕಿರುಚಿತ್ರಗಳಿಗೆ ಮ್ಯೂಸಿಕ್ ಕೂಡ ಮಾಡಿಕೊಡ್ತೀನಿ. ಯೂಟ್ಯೂಬ್‌ನಲ್ಲಿ ಯಾರನ್ನ ನೋಡಿದರೂ ಓಮ್ನಿಸ್ಫಿಯರ್ ಅಂತಾರೆ, ಕಂಪ್ಯೂಟರಿನಲ್ಲೇ ಸದ್ದು ಹುಟ್ಟಿಸೋ ಸಾಫ್ಟ್‌ವೇರ್ ಸಿಂಥ್ ಅದು. ಬೆಲೆ ನೋಡಿದರೆ ತಲೆ ತಿರುಗುತ್ತೆ. ಅಷ್ಟು ದುಡ್ಡು ಹಾಕಿದರೆ ನನ್ನ ಹಾಡಿನ ಸೌಂಡ್ ಅಷ್ಟು ಬದಲಾಗುತ್ತಾ ಸರ್?

ಉತ್ತರ: ನಮ್ಮ ಕಡೆ ಕೀಬೋರ್ಡ್ ಮುಟ್ಟಿದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಹರಿಹರದವರು ಸೀರಮ್ ಅನ್ನುವ ಸಿಂಥ್ ಬಗ್ಗೆ ಕೇಳುತ್ತಾರೆ, ಚಿತ್ರದುರ್ಗದವರು ದಿವಾ ಬಗ್ಗೆ ಕೇಳುತ್ತಾರೆ. ಹೆಸರು ಬೇರೆ, ಚಿಂತೆ ಒಂದೇ. ನಿಮಗೆ ನನ್ನ ಉತ್ತರ: ಸದ್ಯಕ್ಕೆ ಬೇಡ. ಯಾಕೆ ಬೇಡ, ಮುಂದೆ ಯಾವಾಗ ಬೇಕಾಗಬಹುದು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ನಿಜವಾದ ಬೆಲೆ ಎಷ್ಟು ನೋಡೋಣ. ಓಮ್ನಿಸ್ಫಿಯರ್‌ನ ಪಟ್ಟಿ ಬೆಲೆ 499 ಡಾಲರ್. ಡಾಲರಿಗೆ 90 ರೂಪಾಯಿ ಅಂತ ಹಿಡಿದರೆ ಹತ್ತಿರ ಹತ್ತಿರ 45 ಸಾವಿರ ಆಯಿತು. ಹೊರದೇಶದಿಂದ ಆನ್‌ಲೈನ್‌ನಲ್ಲಿ ಕೊಳ್ಳುವ ಸಾಫ್ಟ್‌ವೇರ್‌ಗೆ 18% ಜಿಎಸ್‌ಟಿ ಇದೆ. ಅದನ್ನು ಬಿಲ್ಲಿಗೆ ಸೇರಿಸಿದರೆ 53 ಸಾವಿರ. ಇದರ ಮೇಲೆ ನಿಮ್ಮ ಕಾರ್ಡ್ ಕೊಟ್ಟ ಬ್ಯಾಂಕು ವಿದೇಶಿ ವ್ಯವಹಾರಕ್ಕೆ ಅಂತ ಸಾಮಾನ್ಯವಾಗಿ 2ರಿಂದ 3.5% ಹಿಡಿಯುತ್ತದೆ. ಯೂಟ್ಯೂಬ್‌ನವರು ಹೇಳುವ 499ಕ್ಕೂ ನಿಮ್ಮ ಖಾತೆಯಿಂದ ಹೋಗುವ ದುಡ್ಡಿಗೂ ಇಷ್ಟು ದೂರ ಇದೆ.

ಈಗ ಆ ದುಡ್ಡು ಯಾವುದಕ್ಕೆ ಹೋಗುತ್ತದೆ ಅನ್ನುವುದು. ಸಿಂಥ್ ಕೆಲಸ ಮಾಡುವ ರೀತಿ ಬಹಳ ಹಳೆಯದು. 1970ರ ಮಿನಿಮೂಗ್ ಅನ್ನುವ ಸಿಂಥ್ ಯಂತ್ರದಲ್ಲಿ ಇದ್ದದ್ದೇ ಇವತ್ತಿನ ಹೆಚ್ಚಿನ ಸಾಫ್ಟ್‌ವೇರ್‌ನಲ್ಲೂ ಇದೆ. ಆಸಿಲೇಟರ್ ಒಂದು ಅಲೆಯನ್ನು ಹುಟ್ಟಿಸುತ್ತದೆ. ಫಿಲ್ಟರ್ ಅದರಲ್ಲಿ ಬೇಡದ ಭಾಗವನ್ನು ಕತ್ತರಿಸುತ್ತದೆ. ಸದ್ದು ಎಷ್ಟು ಬೇಗ ಏಳಬೇಕು, ಎಷ್ಟು ನಿಧಾನ ಇಳಿಯಬೇಕು ಅನ್ನುವುದನ್ನು ಎನ್ವಲಪ್ ನೋಡಿಕೊಳ್ಳುತ್ತದೆ. ಎಲ್‌ಎಫ್‌ಒ ಅನ್ನುವ ನಿಧಾನದ ಅಲೆ ಆ ಸದ್ದನ್ನು ಅಲುಗಾಡಿಸುತ್ತದೆ. ಇಷ್ಟನ್ನು ಮಾಡಲು ಒಂದು ರೂಪಾಯಿಯೂ ಬೇಡ. 2020ರಲ್ಲಿ ಬಂದ ವೈಟಲ್ ಅನ್ನುವ ಸಿಂಥ್ ಉಚಿತವಾಗಿ ಸಿಗುತ್ತದೆ. ಅದನ್ನೇ ದುಡ್ಡು ಕೊಟ್ಟು ತಗೊಂಡರೆ ಮುಖ್ಯವಾಗಿ ಸಿಗುವುದು ಜಾಸ್ತಿ ಪ್ರಿಸೆಟ್‌ಗಳು (ಮೊದಲೇ ಕಟ್ಟಿಟ್ಟ ಸೌಂಡ್‌ಗಳು), ಜಾಸ್ತಿ ವೇವ್‌ಟೇಬಲ್‌ಗಳು (ಸದ್ದು ಕಟ್ಟಲು ಬಳಸುವ ಅಲೆಗಳ ಸಂಗ್ರಹ). ಸರ್ಜ್ ಒಂದು ಕಾಲಕ್ಕೆ ದುಡ್ಡಿಗೆ ಮಾರುತ್ತಿದ್ದ ಸಿಂಥ್. 2018ರಲ್ಲಿ ಅದನ್ನು ಓಪನ್ ಸೋರ್ಸ್ ಮಾಡಿದರು, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿಟ್ಟರು. ಈಗ ಸರ್ಜ್ ಎಕ್ಸ್‌ಟಿ ಅಂತ ಪೂರ್ತಿ ಉಚಿತ. 1983ರ ಯಮಹಾ ಡಿಎಕ್ಸ್7 ಕೀಬೋರ್ಡಿನ ಆ ಗಾಜಿನಂಥ ಎಲೆಕ್ಟ್ರಿಕ್ ಪಿಯಾನೋ ಬೇಕಾ? ಡೆಕ್ಸ್‌ಡ್ ಅನ್ನುವ ಸಿಂಥ್ ಹಾಕಿಕೊಳ್ಳಿ, ಅದೂ ಉಚಿತ. ಹಳೆಯ ಡಿಎಕ್ಸ್7ನ ಸೌಂಡ್ ಫೈಲ್‌ಗಳನ್ನೇ ಅದು ತೆರೆಯುತ್ತದೆ.

ಹಾಗಾದರೆ ದುಬಾರಿಯವು ಸುಮ್ನೆ ದುಬಾರಿನಾ? ಅಲ್ಲ. ಆದರೆ ಒಂದೊಂದು ಒಂದೊಂದು ಕಾರಣಕ್ಕೆ ದುಬಾರಿ.

ಓಮ್ನಿಸ್ಫಿಯರ್‌ನಲ್ಲಿ ನೀವು ದುಡ್ಡು ಕೊಡುವುದು ಸೌಂಡ್ ಭಂಡಾರಕ್ಕೆ. 2008ರಲ್ಲಿ ಬಂದದ್ದು, 2015ರಲ್ಲಿ ಎರಡನೇ ಆವೃತ್ತಿ ಆಯಿತು. ಆ ಆವೃತ್ತಿಯಲ್ಲೇ 14,000ಕ್ಕೂ ಜಾಸ್ತಿ ಸೌಂಡ್‌ಗಳಿದ್ದವು, ಡಿಸ್ಕ್‌ನಲ್ಲಿ 60 ಜಿಬಿಗಿಂತ ಜಾಸ್ತಿ ಜಾಗ ಬೇಕಿತ್ತು. ಇದನ್ನು ಮಾಡಿದ ಎರಿಕ್ ಪರ್ಸಿಂಗ್ ಅದಕ್ಕೂ ಮೊದಲು ರೋಲ್ಯಾಂಡ್‌ಗೆ ಕೆಲಸ ಮಾಡಿದವರು. 1987ರ ಡಿ-50 ಕೀಬೋರ್ಡಿನ ಹೆಸರಾದ ಸೌಂಡ್‌ಗಳ ಹಿಂದೆ ಇದ್ದವರು. ಸೌಂಡ್ ಕಟ್ಟುವುದೇ ಅವರ ಕಸುಬು. ಹಾಗಾಗಿ ಒಂದು ಕೀ ಒತ್ತಿದ ಕೂಡಲೇ ಅರ್ಧ ಹಿನ್ನೆಲೆ ಸಂಗೀತ ತಯಾರಾದ ಹಾಗೆ ಕೇಳಿಸುತ್ತದೆ. ಸಿನಿಮಾದವರು ಮೆಚ್ಚುವುದು ಇದಕ್ಕೇ.

ದಿವಾ ಬೇರೆ ಜಾತಿ. ಬರ್ಲಿನ್‌ನ ಯು-ಹೀ ಕಂಪನಿ 2011ರಲ್ಲಿ ತಂದ ಸಿಂಥ್ ಅದು. ಹಳೆಯ ಅನಲಾಗ್ (ಎಲೆಕ್ಟ್ರಿಕ್ ಸರ್ಕ್ಯೂಟ್‌ನಲ್ಲೇ ಸದ್ದು ಮಾಡುವ) ಯಂತ್ರಗಳ ಫಿಲ್ಟರ್ ಹೇಗೆ ನಡೆದುಕೊಳ್ಳುತ್ತಿತ್ತೋ ಅದನ್ನು ಆದಷ್ಟು ಹಾಗೇ ಲೆಕ್ಕ ಹಾಕುತ್ತದೆ. ನೀವು ದುಡ್ಡು ಕೊಡುವುದು ಆ ಲೆಕ್ಕಕ್ಕೆ. ಸೀರಮ್‌ನಲ್ಲಿ ಕೊಡುವುದು ಅನುಕೂಲಕ್ಕೆ: ಅಲೆ ಕಣ್ಣಿಗೆ ಕಾಣುತ್ತದೆ, ಎಳೆದು ಬಿಟ್ಟರೆ ಕೆಲಸ ಆಗುತ್ತದೆ, ಕಲಿಸುವ ವಿಡಿಯೋಗಳು ರಾಶಿ ಇವೆ. 2014ರಲ್ಲಿ ಸೀರಮ್ ಕೊಂಡವರಿಗೆ 2025ರಲ್ಲಿ ಎರಡನೇ ಆವೃತ್ತಿಯನ್ನು ಉಚಿತವಾಗಿ ಕೊಟ್ಟರು. ಇಂಥ ಮರ್ಯಾದೆಯೂ ಬೆಲೆಯ ಲೆಕ್ಕದಲ್ಲಿ ಸೇರಬೇಕು ಅಂತ ನನ್ನ ಅಭಿಪ್ರಾಯ.

ಈಗ ನಿಮಗೇ ಕೇಳಿಕೊಳ್ಳಿ. ಭಂಡಾರ ಬೇಕಾ, ಅನಲಾಗ್ ಗುಣ ಬೇಕಾ, ಅನುಕೂಲ ಬೇಕಾ? 'ಸೌಂಡ್ ರಿಚ್ ಆಗ್ಬೇಕು' ಅನ್ನುವುದು ಉತ್ತರ ಅಲ್ಲ. ಆ ರಿಚ್‌ನ ಒಳಗೆ ಏನಿದೆ ಅಂತ ನೋಡಲು ಮೂರು ಪರೀಕ್ಷೆ ಹೇಳುತ್ತೇನೆ. ಇದಕ್ಕೆ ಡೆಮೊ, ಅಂದರೆ ಕೊಳ್ಳುವ ಮೊದಲು ನುಡಿಸಿ ನೋಡಲು ಕೊಡುವ ಪ್ರತಿ ಬೇಕು. ಯು-ಹೀ ಡೆಮೊಗಳಲ್ಲಿ ಆಗಾಗ ಚರಚರ ಸದ್ದು ಬರುತ್ತದೆ, ಬಿಟ್ಟರೆ ಎಲ್ಲ ಕೆಲಸ ಮಾಡುತ್ತದೆ. ಆರ್ಟೂರಿಯಾ ಕಂಪನಿಯ ಪಿಗ್ಮೆಂಟ್ಸ್ ಅನ್ನುವ ಸಿಂಥ್‌ನ ಡೆಮೊ ಒಂದಷ್ಟು ನಿಮಿಷ ನಡೆದು ನಿಂತುಬಿಡುತ್ತದೆ. ಓಮ್ನಿಸ್ಫಿಯರ್ ವರ್ಷಗಟ್ಟಲೆ ಡೆಮೊ ಇಲ್ಲದೆಯೇ ಮಾರಾಟವಾಗಿದೆ. ಅಂಥದ್ದನ್ನು ಇಟ್ಟುಕೊಂಡಿರುವ ಸ್ನೇಹಿತರ ಸ್ಟುಡಿಯೋದಲ್ಲಿ ಅರ್ಧ ದಿನ ಕೂತು ನೋಡುವುದೇ ದಾರಿ.

ಮೊದಲನೆಯದು ಸುಲಭ. ಮನಸ್ಸಿಗೆ ಹಿಡಿಸಿದ ಪ್ರಿಸೆಟ್ ತೆಗೆದು ಅದರ ಎಫೆಕ್ಟ್‌ಗಳನ್ನೆಲ್ಲ ಆಫ್ ಮಾಡಿ. ರಿವರ್ಬ್, ಡಿಲೇ, ಕೋರಸ್ ಏನೂ ಇರಬಾರದು. ಆಗ ಉಳಿಯುವುದೇ ಸಿಂಥ್. ಎಷ್ಟೋ ಸಲ ಉಳಿಯುವುದು ಎರಡು ಗರಗಸದಲೆ (ಗರಗಸದ ಹಲ್ಲಿನ ಆಕಾರದ ಅಲೆ), ಒಂದು ಫಿಲ್ಟರ್, ಅಷ್ಟೇ. ಅದೇ ಎರಡು ಅಲೆಯನ್ನು ವೈಟಲ್‌ನಲ್ಲಿ ಕೂರಿಸಿ, ಒಂದು ಒಳ್ಳೆಯ ರಿವರ್ಬ್ ಹಾಕಿ ನೋಡಿ. ಹೋಲಿಸುವಾಗ ಎರಡರ ವಾಲ್ಯೂಮ್ ಒಂದೇ ಇರಲಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿಗೆ ಅನ್ನಿಸುತ್ತದೆ. ಪ್ರಿಸೆಟ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು.

ಎರಡನೆಯದು ಮೋನೋ, ಅಂದರೆ ಎಡ ಬಲ ಎರಡನ್ನೂ ಕೂಡಿಸಿ ಒಂದೇ ಮಾಡಿ ಕೇಳುವುದು. ನಿಮ್ಮ ಕೆಲಸಕ್ಕೆ ಇದು ತುಂಬ ಮುಖ್ಯ. ದುಗ್ಗಮ್ಮನ ಜಾತ್ರೆಯಲ್ಲೋ ಗಣಪತಿ ಪೆಂಡಾಲಿನಲ್ಲೋ ಬೀದಿಯ ಎರಡೂ ಕಡೆ ಇರುವ ಬಾಕ್ಸ್‌ಗಳಿಗೆ ಸಾಮಾನ್ಯವಾಗಿ ಒಂದೇ ಸಿಗ್ನಲ್ ಕೊಟ್ಟಿರುತ್ತಾರೆ. ಜನ ಕೇಳುವುದೂ ಒಂದು ಕಡೆಯ ಬಾಕ್ಸನ್ನೇ. ಹೆಡ್‌ಫೋನ್‌ನಲ್ಲಿ ಆಕಾಶದಷ್ಟು ಅಗಲ ಕೇಳಿಸುವ ಪ್ಯಾಡ್ (ಹಿನ್ನೆಲೆಯಲ್ಲಿ ಉದ್ದಕ್ಕೆ ಹರಡುವ ಸದ್ದು) ಇದೆಯಲ್ಲ, ಅದರ ಅಗಲ ಎಷ್ಟೋ ಸಲ ಎಡ ಬಲದ ಅಲೆಗಳನ್ನು ಹಿಂದೆ ಮುಂದೆ ಮಾಡಿ ತಂದದ್ದು. ಎರಡನ್ನೂ ಕೂಡಿಸಿದರೆ ಒಂದು ಇನ್ನೊಂದನ್ನು ತಿಂದುಹಾಕಿ ಸದ್ದು ಸೊರಗುತ್ತದೆ. ಮಾಸ್ಟರ್‌ನಲ್ಲಿ ಮೋನೋ ಬಟನ್ ಒತ್ತಿ, ಆಮೇಲೆ ಫೋನ್ ಸ್ಪೀಕರ್‌ನಲ್ಲೂ ಕೇಳಿ. ಭಕ್ತಿಗೀತೆ ಕೇಳುವವರಲ್ಲಿ ಎಷ್ಟು ಜನ ಫೋನ್‌ನಲ್ಲಿ ಕೇಳುತ್ತಾರೆ ಅಂತ ನಿಮಗೇ ಗೊತ್ತು, ಅಲ್ವಾ?

ಮೂರನೆಯದು ಸ್ವಲ್ಪ ತಾಂತ್ರಿಕ, ಆದರೆ ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಕಂಪ್ಯೂಟರ್ ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದು ಇಡುತ್ತಿದ್ದರೆ 22,050 ಹರ್ಟ್ಸ್‌ಗಿಂತ ಮೇಲಿನದನ್ನು ಅದು ಹಿಡಿಯಲಾರದು. ಗರಗಸದಲೆಯಲ್ಲಿ ಅದಕ್ಕಿಂತ ಮೇಲಿನ ಸ್ವರಾಂಶಗಳೂ ಇರುತ್ತವೆ. ಅವನ್ನು ಸಿಂಥ್ ಸರಿಯಾಗಿ ತಡೆಯದಿದ್ದರೆ ಅವು ಮಡಚಿಕೊಂಡು ಕೆಳಗೆ ಬಂದು, ಶ್ರುತಿಗೆ ಸಂಬಂಧವಿಲ್ಲದ ಸ್ವರಗಳಾಗಿ ಕೇಳಿಸುತ್ತವೆ. ಇದಕ್ಕೆ ಅಲಿಯಾಸಿಂಗ್ ಅನ್ನುತ್ತಾರೆ. ಫಿಲ್ಟರ್ ಪೂರ್ತಿ ತೆರೆದು ಕೀಬೋರ್ಡಿನ ಮೇಲಿನ ತುದಿಯ ಕೀ ಒತ್ತಿ, ಪಿಚ್ ಬೆಂಡ್ ನಿಧಾನವಾಗಿ ಮೇಲೆ ತಳ್ಳಿ. ಸ್ವರ ಮೇಲೆ ಹೋಗುವಾಗ ಹಿಂದೆ ಏನೋ ಒಂದು ಸಣ್ಣಗೆ ಕೆಳಗೆ ಇಳಿಯುವುದು ಕೇಳಿಸಿದರೆ ಅದೇ ಅದು. ಹಳೆಯ ಉಚಿತ ಸಿಂಥ್‌ಗಳಲ್ಲಿ ಇದು ಚೆನ್ನಾಗಿ ಕೇಳಿಸುತ್ತಿತ್ತು. 'ಉಚಿತ ಅಂದರೆ ಕಳಪೆ' ಅನ್ನುವ ಮಾತು ಬಂದದ್ದೂ ಆಗಲೇ ಇರಬೇಕು. ವೈಟಲ್, ಸರ್ಜ್ ಎಕ್ಸ್‌ಟಿಯಲ್ಲಿ ಇದೇ ಪರೀಕ್ಷೆ ಮಾಡಿ, ಆ ಮಾತು ಈಗ ಎಷ್ಟು ನಿಜ ಅಂತ ನೀವೇ ಹೇಳಿ.

ಇನ್ನೊಂದು ವಿಷಯ. ಓಮ್ನಿಸ್ಫಿಯರ್ ತಗೊಂಡರೆ ಕೊಳಲು, ವೀಣೆ, ಡೊಳ್ಳು ಎಲ್ಲ ಬಂದುಬಿಡುತ್ತದೆ ಅಂತ ಅಂದುಕೊಂಡವರು ಬಹಳ. ಸಿಂಥ್ ಇರುವುದು ಆ ಕೆಲಸಕ್ಕಲ್ಲ. ವಾದ್ಯದ ಸ್ಯಾಂಪಲ್‌ಗಳು (ನಿಜವಾದ ವಾದ್ಯ ನುಡಿಸಿ ರೆಕಾರ್ಡ್ ಮಾಡಿದ ಸದ್ದುಗಳು) ಬೇಕಿದ್ದರೆ ಬೇರೆ ಲೈಬ್ರರಿಗಳಿವೆ, ಅವುಗಳಲ್ಲೂ ಗಮಕ ಬರುವುದು ಕಷ್ಟ. ಕೀ ಒತ್ತಿದರೆ ಸ್ವರ ಹುಟ್ಟುತ್ತದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿ ಪಿಚ್ ಬೆಂಡ್ ಹಿಡಿದ ಎಡಗೈಯಲ್ಲೇ ಇರಬೇಕು. ದಾವಣಗೆರೆಯಂಥ ಊರಲ್ಲಿ ಕೂತು ಇದಕ್ಕಾಗಿ ಅರ್ಧ ಲಕ್ಷ ಖರ್ಚು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಿದು. ಹಾರ್ಮೋನಿಯಂ, ತಬಲಾ ನುಡಿಸುವ ಕೈಗಳು ಇಲ್ಲಿ ಈಗಲೂ ಇವೆ. ಒಳ್ಳೆಯ ಮೈಕ್ ಮುಂದೆ ಒಬ್ಬ ಕೊಳಲಿನವರನ್ನು ಕೂರಿಸಿ, ಸಂಭಾವನೆ ಕೊಟ್ಟು ನಾಲ್ಕು ಸಾಲು ನುಡಿಸಿಕೊಳ್ಳಿ. ನಿಮ್ಮ ಭಕ್ತಿಗೀತೆಗೆ ಸಿಗುವ ಬದಲಾವಣೆ ಯಾವ ಪ್ರಿಸೆಟ್‌ನಿಂದಲೂ ಸಿಗುವುದಿಲ್ಲ.

ಲ್ಯಾಪ್‌ಟಾಪ್ ಯಾವುದು ಅಂತ ನೀವು ಬರೆದಿಲ್ಲ. 8 ಜಿಬಿ ರ್‍ಯಾಮ್, ಮಾಮೂಲಿ ಹಾರ್ಡ್ ಡಿಸ್ಕ್ ಆಗಿದ್ದರೆ ಇಷ್ಟು ದೊಡ್ಡ ಭಂಡಾರ ಲೋಡ್ ಆಗುವಷ್ಟರಲ್ಲಿ ಟ್ಯೂನ್ ಮರೆತುಹೋಗಿರುತ್ತದೆ. ದಿವಾದಂಥ ಲೆಕ್ಕದ ಸಿಂಥ್‌ಗೆ ಪ್ರೊಸೆಸರ್ ಬಲ ಬೇಕು. ಲೈವ್ ನುಡಿಸುವಾಗ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಸದ್ದಿನ ತುಣುಕು) 128 ಸ್ಯಾಂಪಲ್ ಇದ್ದರೆ ಬಫರ್‌ನಿಂದ ಆಗುವ ತಡ ಸುಮಾರು 3 ಮಿಲಿಸೆಕೆಂಡ್. 512ಕ್ಕೆ ಏರಿಸಿದರೆ ಹತ್ತಿರ ಹತ್ತಿರ 12 ಆಗುತ್ತದೆ, ಡ್ರೈವರ್‌ನ ತಡ ಬೇರೆ. ಆಗ ಕೈ ಒಂದು ಕಡೆ, ತಾಳ ಒಂದು ಕಡೆ ಅನ್ನಿಸಲು ಶುರುವಾಗುತ್ತದೆ. ಲ್ಯಾಪ್‌ಟಾಪಿನ ಹೆಡ್‌ಫೋನ್ ಜಾಕಿನಿಂದಲೇ ಕೇಳಿಕೊಂಡು ಮಿಕ್ಸ್ ಮಾಡುತ್ತಿದ್ದೀರಾದರೆ ಮೊದಲ ದುಡ್ಡು ಆಡಿಯೋ ಇಂಟರ್‌ಫೇಸ್ (ಲ್ಯಾಪ್‌ಟಾಪಿಗೆ ಸದ್ದು ಒಳಗೆ ಹೊರಗೆ ಕಳಿಸುವ ಪೆಟ್ಟಿಗೆ), ಹೆಡ್‌ಫೋನ್, ಎಸ್‌ಎಸ್‌ಡಿಗೆ ಹೋಗಲಿ. ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಇವಿಷ್ಟೂ ಆಗುತ್ತವೆ. ನೀವು ಮಾಡುವ ಪ್ರತಿಯೊಂದು ಹಾಡಿಗೂ ಇವು ಕೆಲಸಕ್ಕೆ ಬರುತ್ತವೆ.

ಕ್ರ್ಯಾಕ್ ಕಾಪಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಯಾರೋ ಹಾರ್ಡ್ ಡಿಸ್ಕ್‌ನಲ್ಲಿ ತುಂಬಿಕೊಡುತ್ತಾರೆ, ಗೊತ್ತು. ಅದು ಕಳ್ಳಮಾಲು ಅನ್ನುವುದು ಒಂದು ಕಡೆ. ಜೊತೆಗೆ ವೈರಸ್ ಬರುತ್ತದೆ, ವಿಂಡೋಸ್ ಅಪ್‌ಡೇಟ್ ಆದ ದಿನ ಪ್ರಾಜೆಕ್ಟ್ ತೆರೆಯುವುದಿಲ್ಲ. ಕಿರುಚಿತ್ರದವರು ನಾಳೆ ಬೆಳಗ್ಗೆ ಫೈನಲ್ ಬೇಕು ಅಂದಾಗ ಯಾರಿಗೆ ಫೋನ್ ಮಾಡುತ್ತೀರಿ? ಉಚಿತವಾಗಿ ಇಷ್ಟು ಒಳ್ಳೆಯವು ಸಿಗುವಾಗ ಆ ದಾರಿ ಹಿಡಿಯಲು ಕಾರಣವೇ ಇಲ್ಲ.

ಹಾಗಾದರೆ ಯಾವಾಗ ತಗೋಬೇಕು? ಮುಂದಿನ ಕೆಲವು ಕೆಲಸಗಳಲ್ಲಿ ಸೌಂಡ್‌ಗಾಗಿ ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. 'ರಾತ್ರಿ ಸೀನ್‌ಗೆ ಉಸಿರಾಡುವಂಥ ಪ್ಯಾಡ್ ಸಿಗಲಿಲ್ಲ, ಎರಡು ಗಂಟೆ ಹೋಯಿತು' ಅನ್ನುವ ಹಾಗೆ. ಒಂದೇ ಥರದ ಕೊರತೆ ಮತ್ತೆ ಮತ್ತೆ ಬಂದರೆ, ಅದನ್ನು ತುಂಬುವ ಸಿಂಥ್ ಯಾವುದು ಅಂತ ಆ ಪುಸ್ತಕವೇ ಹೇಳುತ್ತದೆ. ಕಿರುಚಿತ್ರದ ಹಿನ್ನೆಲೆ ಸಂಗೀತ ತಿಂಗಳು ತಿಂಗಳು ಬರುತ್ತಿದ್ದು, ವಾರದೊಳಗೆ ಕೊಡಬೇಕಾದ ಒತ್ತಡ ಇದ್ದರೆ ಓಮ್ನಿಸ್ಫಿಯರ್ ಖಂಡಿತ ದುಡ್ಡು ವಾಪಸ್ ತರುತ್ತದೆ. ಅಲ್ಲಿ ನೀವು ಕೊಳ್ಳುತ್ತಿರುವುದು ಉಳಿಯುವ ಗಂಟೆಗಳನ್ನು. ಪುಸ್ತಕದಲ್ಲಿ ಬರೀ 'ವೋಕಲ್ ಸರಿಯಾಗಿ ಕೂರಲಿಲ್ಲ', 'ಬೇಸ್ ಗಿಜಿಗಿಜಿ' ಅಂತ ಇದ್ದರೆ ಅದಕ್ಕೆ ಸಿಂಥ್ ಮದ್ದಲ್ಲ.

ಮಧ್ಯದ ದಾರಿಯೂ ಇದೆ. ಪಿಗ್ಮೆಂಟ್ಸ್ 2018ರಲ್ಲಿ ಬಂದದ್ದು, ಮುಂದಿನ ಆವೃತ್ತಿಗಳನ್ನು ಕೊಂಡವರಿಗೆ ಉಚಿತವಾಗಿ ಕೊಡುತ್ತಾ ಬಂದಿದ್ದಾರೆ. ಸೇಲ್‌ನಲ್ಲಿ ಅರ್ಧ ಬೆಲೆಗೂ ಸಿಗುತ್ತದೆ. ನವೆಂಬರ್ ಕೊನೆಯ ವಾರ ಬ್ಲ್ಯಾಕ್ ಫ್ರೈಡೆ ಅಂತ ಹೆಚ್ಚಿನ ಕಂಪನಿಗಳು ಬೆಲೆ ಇಳಿಸುತ್ತವೆ. ಓಮ್ನಿಸ್ಫಿಯರ್ ಮಾತ್ರ ಅಷ್ಟಾಗಿ ಇಳಿಯುವುದಿಲ್ಲ, ಅದಕ್ಕೆ ಕಾಯುವುದು ದಂಡ. ಸೀರಮ್ ಅನ್ನು ತಿಂಗಳ ಕಂತಿನಲ್ಲಿ ಕಟ್ಟಿ ಕೊನೆಗೆ ನಿಮ್ಮದೇ ಮಾಡಿಕೊಳ್ಳುವ ವ್ಯವಸ್ಥೆಯೂ ಇದೆ. ಮಳೆಗಾಲದಲ್ಲಿ ಕಾರ್ಯಕ್ರಮ ಕಡಿಮೆ ಇರುವವರಿಗೆ ಕಂತು ಭಾರವಾಗಬಹುದು, ನೋಡಿಕೊಂಡು ಹೆಜ್ಜೆ ಇಡಿ.

ಕೊಳ್ಳುವ ದಿನ ಬಂದರೆ ಒಂದು ಎಚ್ಚರಿಕೆ. ನಮ್ಮ ಡೆಬಿಟ್ ಕಾರ್ಡ್‌ಗಳಲ್ಲಿ ವಿದೇಶಿ ಪಾವತಿ ಸಾಮಾನ್ಯವಾಗಿ ಬಂದ್ ಇರುತ್ತದೆ, ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿಕೊಳ್ಳಬೇಕು. ಅದು ರಗಳೆ ಅಂತ ಸ್ನೇಹಿತರ ಕಾರ್ಡ್‌ನಲ್ಲಿ ಕೊಳ್ಳುವುದು ನಮ್ಮಲ್ಲಿ ಮಾಮೂಲು. ಕಾರ್ಡ್ ಯಾರದ್ದಾದರೂ ಇರಲಿ, ಖಾತೆ ತೆರೆಯುವ ಇಮೇಲ್ ನಿಮ್ಮದೇ ಇರಲಿ. ಲೈಸೆನ್ಸ್ ಆ ಇಮೇಲ್‌ಗೆ ಅಂಟಿಕೊಂಡಿರುತ್ತದೆ. ಅದನ್ನು ಇನ್ನೊಬ್ಬರ ಹೆಸರಿಗೆ ಬದಲಿಸಲು ಕೆಲವು ಕಂಪನಿಗಳು ದುಡ್ಡು ಕೇಳುತ್ತವೆ, ಕೆಲವು ಬಿಡುವುದೇ ಇಲ್ಲ.