ಸಂಬಳವಿಲ್ಲದ ಕೆಲಸವೂ ಕೆಲಸವೇ

ಪ್ರಶ್ನೆ: ಇಂಗ್ಲೆಂಡಿನ ಹಳ್ಳಿಗಳಲ್ಲಿ ಮನೆಯವರು ರಜೆಗೆ ಹೋದಾಗ ಅವರ ನಾಯಿ, ಬೆಕ್ಕುಗಳನ್ನು ನೋಡಿಕೊಂಡು ಅದೇ ಮನೆಯಲ್ಲಿ ಬಾಡಿಗೆಯಿಲ್ಲದೆ ಉಳಿಯಬಹುದಂತೆ. ಹಣದ ವ್ಯವಹಾರವೇ ಇಲ್ಲದ ಕಾರಣ, ನಾನು ವಿಸಿಟರ್ ವೀಸಾದಲ್ಲಿ ಒಬ್ಬಳೇ ಹೋಗಿ ಹೀಗೆ ಊರೂರು ಸುತ್ತಬಹುದೇ?

ಉತ್ತರ: ವಿಸಿಟರ್ ವೀಸಾವನ್ನು ನಂಬಿಕೊಂಡು ಈ ಯೋಜನೆ ಹಾಕಬೇಡಿ. ಇದನ್ನು ಎಷ್ಟು ಸಲ ಬರೆದರೂ “ದುಡ್ಡೇ ತೆಗೆದುಕೊಳ್ಳುವುದಿಲ್ಲವಲ್ಲ, ಅದು ಹೇಗೆ ಕೆಲಸವಾಗುತ್ತದೆ?” ಎಂಬ ಮರುಪ್ರಶ್ನೆ ತಪ್ಪಿದ್ದಲ್ಲ, ಆದ್ದರಿಂದ ಈ ಸಲ ಅದನ್ನೇ ಬಿಡಿಸಿ ಹೇಳುತ್ತೇನೆ.

ಬ್ರಿಟನ್ನಿನ ನಿಯಮ ತಡೆಯುವುದು ಸಂಬಳವನ್ನಷ್ಟೇ ಅಲ್ಲ. ಸಂಬಳವಿರಲಿ, ಇಲ್ಲದಿರಲಿ, ವಿಸಿಟರ್ ಆಗಿ ಬಂದವರು ಅಲ್ಲಿನ ಕಂಪನಿಗಾಗಲಿ, ಸ್ವಂತ ಉದ್ಯೋಗವೆಂದಾಗಲಿ ಕೆಲಸ ಮಾಡುವಂತಿಲ್ಲ. ಸ್ವಯಂಸೇವೆಗೆ ಒಂದು ವಿನಾಯಿತಿಯುಂಟು. ಆದರೆ ಅದು ನೋಂದಾಯಿತ ದತ್ತಿ ಸಂಸ್ಥೆಯಲ್ಲಿ, ಒಟ್ಟು 30 ದಿನ ಮೀರದಂತೆ, ಪ್ರವಾಸದ ಮುಖ್ಯ ಉದ್ದೇಶ ಬೇರೆಯಿದ್ದಾಗ ಮಾತ್ರ. ಯಾರದೋ ಮನೆಯ ಲ್ಯಾಬ್ರಡಾರ್ ದತ್ತಿ ಸಂಸ್ಥೆಯಲ್ಲ. ಖಾಸಗಿ ಮನೆ ಕಂಪನಿಯೂ ಅಲ್ಲವಲ್ಲ ಎಂದು ವಾದಿಸುವ ಜಾಣರಿದ್ದಾರೆ. ವಾದವೇನೋ ಚೆನ್ನಾಗಿದೆ, ಆದರೆ ಅದನ್ನು ಕೇಳಿ ತೀರ್ಪು ಕೊಡುವವರು ಲಂಡನ್ನಿನ ಹೀಥ್ರೂ ವಿಮಾನನಿಲ್ದಾಣದ ಕೌಂಟರಿನಲ್ಲಿ ಕುಳಿತ ಅಧಿಕಾರಿ. ದಿನಕ್ಕೆರಡು ಸಲ ನಾಯಿಯನ್ನು ತಿರುಗಾಡಿಸಿ, ಹೊತ್ತಿಗೆ ಸರಿಯಾಗಿ ಊಟ, ಔಷಧಿ ಕೊಟ್ಟು, ಪ್ರತಿಯಾಗಿ ವಸತಿ ಪಡೆಯುವುದು ಕೆಲಸವೇ ಎಂದು ಅವರು ತೀರ್ಮಾನಿಸಿದರೆ ಬಂದ ದಾರಿಯಲ್ಲೇ ಹಿಂದಿರುಗಬೇಕಾಗುತ್ತದೆ, ಮತ್ತು ಆ ನಿರಾಕರಣೆಯನ್ನು ಮುಂದೆ ಕೆನಡಾ, ಆಸ್ಟ್ರೇಲಿಯಾಗಳ ವೀಸಾ ಅರ್ಜಿಯಲ್ಲೂ ತಿಳಿಸಬೇಕಾಗುತ್ತದೆ. ಅರ್ಜಿಯಲ್ಲಿ ಹೋಟೆಲ್ ಬುಕಿಂಗ್ ತೋರಿಸಿ ಸುಮ್ಮನಿದ್ದುಬಿಡಿ ಎಂಬ ಸಲಹೆಯಂತೂ ಇನ್ನೂ ಅಪಾಯದ್ದು. ಅದನ್ನು ವಂಚನೆಯೆಂದು ಪರಿಗಣಿಸಿದರೆ 10 ವರ್ಷ ಆ ದೇಶದ ಬಾಗಿಲು ಮುಚ್ಚಬಹುದು.

“ನಮ್ಮಮ್ಮ ತಂಗಿಯ ಬಾಣಂತನಕ್ಕೆ ಹೋಗಿ ಮಗುವನ್ನು ನೋಡಿಕೊಂಡು ಬಂದರು, ಯಾರೂ ಏನೂ ಅನ್ನಲಿಲ್ಲ” ಎಂಬುದು ಇನ್ನೊಂದು ವಾದ. ಅನ್ನುವುದಿಲ್ಲ, ಏಕೆಂದರೆ ಸ್ವಂತದವರನ್ನು ನೋಡಲು ಹೋದವರು ಅಲ್ಪಕಾಲ ಮಗುವನ್ನು ನೋಡಿಕೊಳ್ಳುವುದಕ್ಕೆ, ಅದು ಆಯಾ ಕೆಲಸವಾಗದಿರುವ ತನಕ, ಅಲ್ಲಿನ ಗೃಹ ಇಲಾಖೆಯ ಮಾರ್ಗಸೂಚಿಯೇ ಅವಕಾಶ ಕೊಡುತ್ತದೆ. ವೆಬ್‌ಸೈಟಿನಲ್ಲಿ ಪರಿಚಯವಾದವರೊಡನೆ ವಸತಿಗೆ ಬದಲಾಗಿ ಸೇವೆ ಎಂದು ಮಾತಾಡಿಕೊಳ್ಳುವುದನ್ನು ಬಾಣಂತನದ ಪಕ್ಕದಲ್ಲಿಟ್ಟು ನೋಡುವುದು ಹೇಗೆಂದು ನನಗಂತೂ ತಿಳಿಯದು.

ನಿಶ್ಚಿಂತೆಯಿಂದ ಹೋಗಬಹುದಾದವರು ಅಲ್ಲಿ ದುಡಿಯುವ ಹಕ್ಕುಳ್ಳವರು: ನುರಿತ ಕೆಲಸಗಾರರಿಗೆ ಕೊಡುವ ಸ್ಕಿಲ್ಡ್ ವರ್ಕರ್ ವೀಸಾದವರ ಗಂಡ ಅಥವಾ ಹೆಂಡತಿ, ಇಲ್ಲವೇ 18ರಿಂದ 30ರ ವಯಸ್ಸಿನ ಭಾರತೀಯ ಪದವೀಧರರಿಗೆ ಲಾಟರಿಯ ಮೂಲಕ ಅವಕಾಶ ಸಿಗುವ ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಸ್ಕೀಮ್ ವೀಸಾದವರು. ಅಂಥವರಿಗೆ ಒಂಟಿತನಕ್ಕಿಂತ ಕಾರಿಲ್ಲದಿರುವುದೇ ದೊಡ್ಡ ತೊಡಕು. ಶೆಫೀಲ್ಡ್ ಮತ್ತು ಮ್ಯಾಂಚೆಸ್ಟರ್ ನಡುವಿನ ಹೋಪ್ ವ್ಯಾಲಿ ಮಾರ್ಗದ ಈಡೇಲ್, ಹ್ಯಾದರ್ಸೇಜ್‌ಗಳಲ್ಲಿ ರೈಲಿಳಿದು ನಡೆದೇ ಊರು ಸೇರಬಹುದು. ಯಾರ್ಕ್‌ಷೈರ್ ಡೇಲ್ಸ್‌ನ ಡೆಂಟ್ ಸ್ಟೇಷನ್ನಿನಲ್ಲಿ ಹೆಸರನ್ನು ನಂಬಿ ಇಳಿದವರಿಗಾದರೋ ಡೆಂಟ್ ಹಳ್ಳಿ ಇನ್ನೂ ಆರು ಕಿಲೋಮೀಟರಿಗಿಂತ ದೂರವಿರುತ್ತದೆ, ಅದೂ ಕಡಿದಾದ ಇಳಿಜಾರಿನ ಕೆಳಗೆ. ಮನೆ ಒಪ್ಪಿಕೊಳ್ಳುವ ಮೊದಲು ನಕ್ಷೆಯನ್ನು ನೋಡಿ. ಭಾನುವಾರ ಬಸ್ಸಿದೆಯೇ ಎಂಬುದನ್ನೂ ನೋಡಿ.

ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಆ ನಾಯಿಯನ್ನು ಎಲ್ಲಿ, ಹೇಗೆ ನಡೆಸಬೇಕು? ಇಂಗ್ಲೆಂಡಿನಲ್ಲಿ ಸಾರ್ವಜನಿಕ ಕಾಲುದಾರಿಗಳು ಖಾಸಗಿ ಹೊಲ, ಹುಲ್ಲುಗಾವಲುಗಳ ನಡುವೆಯೇ ಹಾದುಹೋಗುತ್ತವೆ. ನಡೆಯುವ ಹಕ್ಕು ದಾರಿಗಷ್ಟೇ ಸೀಮಿತ, ಅಕ್ಕಪಕ್ಕದ ನೆಲಕ್ಕಲ್ಲ. 2000ದ ಕಂಟ್ರಿಸೈಡ್ ಅಂಡ್ ರೈಟ್ಸ್ ಆಫ್ ವೇ ಕಾಯಿದೆಯ ಪ್ರಕಾರ, ದಾರಿ ಬಿಟ್ಟು ತಿರುಗಾಡಲು ಅವಕಾಶವಿರುವ ತೆರೆದ ಬೆಟ್ಟ, ಬಯಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ, ದನಕುರಿಗಳ ಹತ್ತಿರವಾದರೆ ವರ್ಷವಿಡೀ, ಎರಡು ಮೀಟರ್ ಮೀರದ ಲೀಶ್ (ನಾಯಿಯನ್ನು ಹಿಡಿದುಕೊಳ್ಳುವ ಹಗ್ಗ) ಕಡ್ಡಾಯ. ಕುರಿಗಳ ಮೇಲೆ ಬಿದ್ದ ನಾಯಿಯನ್ನು ಬೇರೆ ದಾರಿಯಿಲ್ಲದೆ ರೈತ ಗುಂಡಿಟ್ಟು ಕೊಂದರೆ 1971ರ ಅನಿಮಲ್ಸ್ ಆಕ್ಟ್ ಅವನ ನೆರವಿಗೆ ಬರಬಹುದು. ಮನೆಯವರಿಗೆ ಫೋನ್ ಮಾಡಿ ಹೇಳುವ ಪಾಡು ಮಾತ್ರ ನಿಮ್ಮದು. ಹಸುಗಳು ಅಟ್ಟಿಸಿಕೊಂಡು ಬಂದಾಗ ನಿಯಮ ತಿರುಗುಮುರುಗಾಗುತ್ತದೆ: ಆಗ ಲೀಶ್ ಬಿಟ್ಟುಬಿಡಬೇಕು, ಏಕೆಂದರೆ ಅವುಗಳ ಸಿಟ್ಟು ಸಾಮಾನ್ಯವಾಗಿ ನಾಯಿಯ ಮೇಲೆ, ಮತ್ತು ನಾಯಿ ಓಡಿ ಪಾರಾಗುತ್ತದೆ, ಅದನ್ನು ಎದೆಗವಚಿಕೊಂಡು ನಿಂತವರು ತುಳಿತಕ್ಕೆ ಸಿಗುತ್ತಾರೆ. ಹೀಗೆ ಬಿಟ್ಟ ನಾಯಿ ಕರೆದರೆ ಹಿಂದಿರುಗುವುದೋ ಇಲ್ಲವೋ ಎಂಬುದನ್ನು ಮನೆಯವರು ಸೂಟ್‌ಕೇಸ್ ಎತ್ತಿಕೊಳ್ಳುವ ಮೊದಲೇ, ಅವರ ಹಿತ್ತಲಿನಲ್ಲಿ, ನೀವೇ ಕರೆದು ನೋಡಿಕೊಳ್ಳಿ.